ಈ ಭಾನುವಾರ ಅಳಿವೆಗೋ, ಬೆಟ್ಟಕ್ಕೋ?

ಸೆಪ್ಟೆಂಬರ್ ಬಂತೆಂದರೆ ಹಕ್ಕಿ ನೋಡುವವರಿಗೆ ಒಂದೇ ತಲೆಬಿಸಿ. ವಾರಕ್ಕೆ ಸಿಗುವುದು ಒಂದು ಬೆಳಗು. ಒಂದು ಕಡೆ ನದಿ ಸಮುದ್ರ ಸೇರುವ ಅಳಿವೆ, ಅದರ ಕೆಸರು ದಂಡೆಗಳು. ಇನ್ನೊಂದು ಕಡೆ, ಸ್ವಲ್ಪ ದೂರದಲ್ಲಿ, ಸಾಲು ಬೆಟ್ಟ. ಎರಡೂ ಕಡೆ ವಲಸೆ ಹಕ್ಕಿ ಬರುವ ಕಾಲ ಇದೇ. ಇಲ್ಲಿಗೆ ಹೋದರೆ ಅಲ್ಲಿಯದು ತಪ್ಪಿತು ಅನ್ನುವ ಸಂಕಟ.

ಹಲವು ವರ್ಷ ನಾನು ಇದನ್ನು ಮನಸ್ಸಿಗೆ ಬಂದ ಹಾಗೆ ತೀರ್ಮಾನ ಮಾಡುತ್ತಿದ್ದೆ. ಅಳಿವೆಗೆ ಹೋದ ದಿನ ಹಕ್ಕಿಗಳೆಲ್ಲ ಅರ್ಧ ಮೈಲಿ ಆಚೆ ಚುಕ್ಕಿಗಳಾಗಿರುತ್ತಿದ್ದವು. ಬೆಟ್ಟಕ್ಕೆ ಹೋದ ದಿನ ಹನ್ನೊಂದು ಗಂಟೆಗೆ ಕಾಡು ಗಪ್‌ಚುಪ್. ಆಮೇಲೆ ಗೊತ್ತಾಯಿತು: ಎರಡಕ್ಕೂ ಬೇರೆ ಬೇರೆ ಗಡಿಯಾರ ಇದೆ. ಅಳಿವೆಯ ಗಡಿಯಾರ ಉಬ್ಬರ. ಬೆಟ್ಟದ ಗಡಿಯಾರ ಸೂರ್ಯ, ಜೊತೆಗೆ ಗಾಳಿ. ಆಯ್ಕೆ ಮಾಡಬೇಕಾದದ್ದು ಹಕ್ಕಿಗಳ ಪಟ್ಟಿ ನೋಡಿ ಅಲ್ಲ, ಈ ಎರಡು ಗಡಿಯಾರ ನೋಡಿ.

ನಾನು ಹೇಳುವ ತಿಂಗಳುಗಳು ಉತ್ತರಾರ್ಧಗೋಳದ ಲೆಕ್ಕ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಹಕ್ಕಿಗಳು ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಕಾಲ.

ಮೊದಲು ಉಬ್ಬರದ ಲೆಕ್ಕ

ಬಹಳಷ್ಟು ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ನೀರು ತುಂಬಿದ್ದರೆ ನಾಳೆ 7.50ರ ಹೊತ್ತಿಗೆ.

ಈಗ ಇದನ್ನು ವಾರಕ್ಕೆ ಗುಣಿಸಿ. ಏಳು ದಿನಕ್ಕೆ ಹತ್ತಿರಹತ್ತಿರ ಆರು ಗಂಟೆ. ಅಂದರೆ ಈ ಭಾನುವಾರ ಬೆಳಿಗ್ಗೆ 7ಕ್ಕೆ ಉಬ್ಬರವಿದ್ದರೆ, ಮುಂದಿನ ಭಾನುವಾರ ಅದೇ 7ರ ಆಸುಪಾಸಿನಲ್ಲಿ ಪೂರ್ತಿ ಇಳಿತ. ಅದರ ಮುಂದಿನ ಭಾನುವಾರ ಮತ್ತೆ ಉಬ್ಬರ. ಲೆಕ್ಕ ತಾನಾಗಿಯೇ ಬಿದ್ದುಬಿಡುತ್ತದೆ, ಅಲ್ವಾ? ಒಂದು ಭಾನುವಾರ ಅಳಿವೆ, ಇನ್ನೊಂದು ಭಾನುವಾರ ಬೆಟ್ಟ. ವಾರದ ಒಂದೇ ದಿನ ಬಿಡುವಿರುವವರಿಗೆ ಇದಕ್ಕಿಂತ ಸುಲಭದ ಸೂತ್ರ ನನಗೆ ಗೊತ್ತಿಲ್ಲ.

ನೀರು ಯಾಕೆ ಇಷ್ಟು ಮುಖ್ಯ ಅಂದರೆ, ಅಳಿವೆಯ ಹಕ್ಕಿಗಳ ಊಟ ಇರುವುದು ಕೆಸರಿನೊಳಗೆ. ಹುಳು, ಸಣ್ಣ ಚಿಪ್ಪು, ಏಡಿ. ಇಳಿತದಲ್ಲಿ ಕೆಸರು ಬಯಲಾಗುತ್ತದೆ, ಹಕ್ಕಿಗಳು ಅದರ ಉದ್ದಗಲಕ್ಕೂ ಹರಡಿಕೊಳ್ಳುತ್ತವೆ. ಬಹಳಷ್ಟು ನಮ್ಮಿಂದ ದೂರ, ನೀರಿನ ಅಂಚಿನಲ್ಲಿ. ನೀರು ಏರುತ್ತಾ ಬಂದ ಹಾಗೆ ಅದು ಹಕ್ಕಿಗಳನ್ನು ದಂಡೆಯ ಕಡೆ ತಳ್ಳಿಕೊಂಡು ಬರುತ್ತದೆ. ನಾವು ಅವುಗಳ ಹತ್ತಿರ ಹೋಗಬೇಕಾಗಿಲ್ಲ. ಸುಮ್ನೆ ಒಂದು ಕಡೆ ಕೂತರೆ ಸಾಕು, ಅವೇ ಬರುತ್ತವೆ. ಹೀಗಾಗಿ ಒಳ್ಳೆಯ ಹೊತ್ತು ಅಂದರೆ ಉಬ್ಬರಕ್ಕೆ ಎರಡು ಗಂಟೆ ಮುಂಚಿನಿಂದ ನೀರು ನಿಲ್ಲುವವರೆಗೆ. ನೀರು ಮತ್ತೆ ಇಳಿಯಲು ಶುರುವಾದ ಮೊದಲ ಅರ್ಧ ಗಂಟೆಯೂ ಚೆನ್ನಾಗಿರುತ್ತದೆ. ಹಸಿದ ಹಕ್ಕಿಗಳು ಮೊದಲು ಕಂಡ ಕೆಸರಿನ ಪಟ್ಟಿಗೇ ಇಳಿಯುತ್ತವೆ.

ಉಬ್ಬರಗಳೆಲ್ಲ ಒಂದೇ ಎತ್ತರ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಒಂದೆರಡು ದಿನ ಆದ ಮೇಲೆ ದೊಡ್ಡ ಉಬ್ಬರ. ಅರ್ಧಚಂದ್ರ ಇರುವಾಗ, ಅಷ್ಟಮಿಯ ಆಸುಪಾಸಿನಲ್ಲಿ, ಸಣ್ಣದು. ವರ್ಷದ ಅತಿ ದೊಡ್ಡ ಉಬ್ಬರಗಳು ಹಗಲು ರಾತ್ರಿ ಸಮ ಇರುವ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಬರುತ್ತವೆ. ಅಂದರೆ ನಮ್ಮ ವಲಸೆ ಕಾಲದ ಬಾಗಿಲಲ್ಲೇ. ತೀರಾ ದೊಡ್ಡ ಉಬ್ಬರದಲ್ಲಿ ಕೆಸರೆಲ್ಲ ಮುಳುಗಿ ಹಕ್ಕಿಗಳು ದೂರದ ಗದ್ದೆ ಬಯಲಿಗೋ ಯಾವುದೋ ದಿಬ್ಬಕ್ಕೋ ಹೋಗಿ ಕೂರುತ್ತವೆ. ಆ ದಿನ ಸ್ವಲ್ಪ ಬೇಗ ಹೋಗಬೇಕು. ತೀರಾ ಸಣ್ಣ ಉಬ್ಬರದಲ್ಲಿ ಎಲ್ಲೋ ನಡುವಿನಲ್ಲಿ ಕೆಸರು ಉಳಿದುಬಿಡುತ್ತದೆ, ಹಕ್ಕಿಗಳು ದಂಡೆಗೆ ಬರುವುದೇ ಇಲ್ಲ. ನನಗೆ ಇಷ್ಟ ನಡುವಿನವು.

ಇನ್ನೊಂದು ಸ್ವಾರಸ್ಯ ಇದೆ. ಒಂದು ಅಳಿವೆಯಲ್ಲಿ ದೊಡ್ಡ ಉಬ್ಬರ ಬರುವ ಗಂಟೆ ಹೆಚ್ಚುಕಮ್ಮಿ ಯಾವಾಗಲೂ ಒಂದೇ. ಕೆಲವು ಕಡೆ ಅದು ಬೆಳಗಿನ ಹೊತ್ತಿಗೆ ಬೀಳುತ್ತದೆ, ಕೆಲವು ಕಡೆ ನಡುಮಧ್ಯಾಹ್ನಕ್ಕೆ. ನಿಮ್ಮ ಅಳಿವೆಯದ್ದು ಯಾವುದು ಅಂತ ಒಮ್ಮೆ ಗುರುತು ಹಾಕಿಕೊಂಡರೆ, ಮುಂದೆ ಆಕಾಶದಲ್ಲಿ ಚಂದ್ರನನ್ನು ನೋಡಿಯೇ ನಾಳೆ ಎಲ್ಲಿಗೆ ಅಂತ ಹೇಳಬಹುದು. ಉಬ್ಬರದ ಪಟ್ಟಿಯಲ್ಲಿ ಕೊಟ್ಟಿರುವುದು ಸಾಮಾನ್ಯವಾಗಿ ಬಂದರಿನ ಅಥವಾ ನದೀಮುಖದ ಸಮಯ. ಅಳಿವೆಯ ಒಳಗೆ ಹೋದಷ್ಟೂ ನೀರು ತುಂಬುವುದು ತಡ. ನಾಲ್ಕೈದು ಸಲ ಹೋದರೆ ನಿಮ್ಮ ಜಾಗಕ್ಕೆ ಎಷ್ಟು ನಿಮಿಷ ಸೇರಿಸಬೇಕು ಅಂತ ತಿಳಿಯುತ್ತದೆ.

ಈ ಲೆಕ್ಕ ನಡೆಯದ ಕಡೆಗಳೂ ಇವೆ. ಮೆಕ್ಸಿಕೊ ಕೊಲ್ಲಿಯ ಹಲವು ಭಾಗಗಳಲ್ಲಿ ದಿನಕ್ಕೆ ಒಂದೇ ಉಬ್ಬರ. ಬಾಲ್ಟಿಕ್, ಮೆಡಿಟರೇನಿಯನ್ ಸಮುದ್ರಗಳಲ್ಲಿ ಉಬ್ಬರ ಇದ್ದೂ ಇಲ್ಲದಂತೆ. ಅಲ್ಲಿಯವರು ಗಾಳಿ ನೋಡಿ ಹೊರಡಬೇಕು.

ಅಳಿವೆ ಏನು ಕೊಡುತ್ತದೆ

ಕೆಸರಿನಲ್ಲಿ ನಡೆದಾಡಿ ಮೇಯುವ ಹಕ್ಕಿಗಳಿಗೆ ನಾವು ವೇಡರ್ ಅನ್ನುತ್ತೇವೆ. ಮೊದಲ ಸಲ ನೋಡುವವರಿಗೆ ಎಲ್ಲವೂ ಒಂದೇ ಥರ ಬೂದು. ಬಣ್ಣ ಬಿಟ್ಟು ಕೊಕ್ಕು ನೋಡಿ, ನಡಿಗೆ ನೋಡಿ. ಪ್ಲವರ್‌ಗಳದ್ದು ಚಿಕ್ಕ ಕೊಕ್ಕು, ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡುತ್ತವೆ, ನಿಲ್ಲುತ್ತವೆ, ಕುಟುಕುತ್ತವೆ. ಅವು ಕಣ್ಣಿನಿಂದ ಬೇಟೆಯಾಡುವ ಹಕ್ಕಿಗಳು. ಡನ್ಲಿನ್‌ನಂಥವು ತಲೆ ತಗ್ಗಿಸಿ ಹೊಲಿಗೆ ಮಷಿನ್ ಸೂಜಿಯ ಹಾಗೆ ಚುಚ್ಚುತ್ತಲೇ ಹೋಗುತ್ತವೆ. ಅವುಗಳ ಕೊಕ್ಕಿನ ತುದಿಗೇ ಸ್ಪರ್ಶ ತಿಳಿಯುತ್ತದೆ. ಟರ್ನ್‌ಸ್ಟೋನ್ ಹೆಸರಿಗೆ ತಕ್ಕಂತೆ ಕಲ್ಲು ಮಗುಚುತ್ತದೆ. ಗಾಡ್‌ವಿಟ್ ಉದ್ದನೆಯ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸಿ, ಒಳಗೇ ತುದಿಯನ್ನಷ್ಟೇ ತೆರೆದು ಹುಳು ಹಿಡಿಯುತ್ತದೆ. ಕರ್ಲ್ಯೂವಿನ ಕೊಕ್ಕು ಕೆಳಕ್ಕೆ ಬಾಗಿದ ಕುಡುಗೋಲು, ಹೆಣ್ಣಿನದ್ದು ಗಂಡಿನದಕ್ಕಿಂತ ಉದ್ದ.

ಒಂದು ಸಲ ದಂಡೆಯ ಕಲ್ಲಿನ ಮೇಲೆ ಕೂತು ಒಂದು ಕರ್ಲ್ಯೂವನ್ನು ಇಪ್ಪತ್ತು ನಿಮಿಷ ನೋಡಿದ್ದೆ. ಕೊಕ್ಕನ್ನು ಬಿಲಕ್ಕೆ ಇಳಿಸಿತು. ತಲೆಯನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿತು, ಬೀಗಕ್ಕೆ ಕೀಲಿಕೈ ಹುಡುಕುವವರ ಹಾಗೆ. ಎಳೆದಾಗ ಏಡಿ ಬಂತು. ಅದನ್ನು ಕೊಕ್ಕಿನ ತುದಿಯಲ್ಲೇ ಹಿಡಿದು ಜೋರಾಗಿ ಕೊಡವಿತು. ಒಂದು ಕಾಲು ಬಿತ್ತು, ಇನ್ನೊಂದು ಬಿತ್ತು. ಆಮೇಲೆ ನೀರಿರುವ ಕಡೆ ನಡೆದು ತೊಳೆದು, ತಲೆ ಎತ್ತಿ ಅದನ್ನು ಕೊಕ್ಕಿನ ಉದ್ದಕ್ಕೂ ಹಿಂದಕ್ಕೆ ಜಾರಿಸಿ ನುಂಗಿತು. ನುಂಗಿದ ಮೇಲೆ ಉಳಿದ ಕಾಲುಗಳನ್ನೂ ಒಂದೊಂದಾಗಿ ಹೆಕ್ಕಿಕೊಂಡಿತು.

ಈ ಕಾಲದಲ್ಲಿ ಅಳಿವೆಗೆ ಹೋಗಲು ನನಗೆ ದೊಡ್ಡ ಕಾರಣ ಮರಿಗಳು. ಉತ್ತರ ಧ್ರುವದ ಆಸುಪಾಸಿನಲ್ಲಿ ಮೊಟ್ಟೆಯಿಡುವ ಹಲವು ವೇಡರ್‌ಗಳಲ್ಲಿ ದೊಡ್ಡವು ಮೊದಲು ಹೊರಡುತ್ತವೆ. ಅದೇ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ಕೆಲವು ವಾರ ಬಿಟ್ಟು, ದಾರಿ ತೋರಿಸುವ ಹಿರಿಯರಿಲ್ಲದೆ, ಹಿಂದೆ ಕಂಡೇ ಇರದ ಜಾಗಕ್ಕೆ ಬಂದು ಇಳಿಯುತ್ತವೆ. ಆಗಸ್ಟ್ ಕೊನೆಯಲ್ಲಿ ಬರುವ ದೊಡ್ಡ ಹಕ್ಕಿಗಳ ಗರಿ ಸವೆದಿರುತ್ತದೆ. ಡನ್ಲಿನ್ ಹೊಟ್ಟೆಯ ಮೇಲೆ ಕಪ್ಪು ತೇಪೆ ಇನ್ನೂ ಉಳಿದಿರುತ್ತದೆ. ಸೆಪ್ಟೆಂಬರ್‌ನಲ್ಲಿ ಬರುವ ಮರಿಗಳ ಬೆನ್ನು ಹೊಸದು. ಒಂದೊಂದು ಗರಿಗೂ ತಿಳಿಬಣ್ಣದ ಅಂಚು, ಮೀನಿನ ಹುರುಪೆ ಜೋಡಿಸಿದ ಹಾಗೆ ಅಚ್ಚುಕಟ್ಟು. ಮರಿಗಳಿಗೆ ಮನುಷ್ಯರ ಭಯವೂ ಕಡಿಮೆ.

2022ರ ಅಕ್ಟೋಬರ್‌ನಲ್ಲಿ ಇಂಥದ್ದೇ ಒಂದು ಮರಿ, ಐದು ತಿಂಗಳ ಬಾರ್-ಟೇಲ್ಡ್ ಗಾಡ್‌ವಿಟ್, ಅಲಾಸ್ಕದಿಂದ ಹೊರಟು ಎಲ್ಲೂ ಇಳಿಯದೆ 11 ದಿನ ಹಾರಿ ಟಾಸ್ಮೇನಿಯ ತಲುಪಿತು. 13,560 ಕಿಲೋಮೀಟರ್. ಅದರ ಬೆನ್ನಿಗೆ ಕಟ್ಟಿದ್ದ ಪುಟ್ಟ ಉಪಗ್ರಹ ಸಾಧನದಿಂದ ಇದು ತಿಳಿದದ್ದು. ಹೊರಡುವ ಮುಂಚೆ ಈ ಹಕ್ಕಿಗಳು ಕೊಬ್ಬು ತುಂಬಿಕೊಂಡು, ಹೊಟ್ಟೆ ಕರುಳುಗಳನ್ನೇ ಕುಗ್ಗಿಸಿಕೊಳ್ಳುತ್ತವೆ. ನಿಮ್ಮ ಅಳಿವೆಯಲ್ಲಿ ಕಾಣುವ ಬೂದು ಹಕ್ಕಿ ಅಷ್ಟು ದೂರದಿಂದ ಬಂದಿರಲಿಕ್ಕಿಲ್ಲ. ಆದರೂ ಅದು ರಾತ್ರಿಯೆಲ್ಲ ಹಾರಿ ಬೆಳಿಗ್ಗೆಯಷ್ಟೇ ಇಳಿದಿರಬಹುದು.

ಅಳಿವೆಯ ಇನ್ನೊಂದು ಸೊಬಗು ಗುಂಪು. ಒಂದು ಪೆರೆಗ್ರಿನ್ ಚಾಣ ಮೇಲೆ ಕಾಣಿಸಿದರೆ ಸಾಕು, ಸಾವಿರ ಡನ್ಲಿನ್ ಒಟ್ಟಿಗೆ ಏಳುತ್ತವೆ. ಒಂದು ಕಡೆ ತಿರುಗಿದಾಗ ಬಿಳಿ, ಇನ್ನೊಂದು ಕಡೆ ತಿರುಗಿದಾಗ ಕಪ್ಪು. ಬೆಟ್ಟದಲ್ಲಿ ಇಂಥ ನೋಟ ಸಿಗುವುದಿಲ್ಲ.

ಬೆಟ್ಟ ಏನು ಕೊಡುತ್ತದೆ

ಬೆಟ್ಟದ ದಿನಕ್ಕೆ ಎರಡು ಭಾಗ. ಮೊದಲನೆಯದು ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ಗಂಟೆ. ಉಲಿಯಕ್ಕಿ, ನೊಣಹಿಡುಕದಂಥ ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ರಾತ್ರಿ ಪ್ರಯಾಣ ಮಾಡುತ್ತವೆ. ಗಾಳಿ ತಂಪಾಗಿರುತ್ತದೆ, ಹಗಲಿನ ಗಿಡುಗಗಳ ಕಾಟ ಇರುವುದಿಲ್ಲ. ಬೆಳಕು ಹರಿಯುವಾಗ ಕಂಡ ಪೊದೆಗೆ, ಮರದ ಸಾಲಿಗೆ ಇಳಿದು ಮೇಯಲು ಶುರು ಮಾಡುತ್ತವೆ. ರಾತ್ರಿ ಮಳೆ ಬಂದು ಬೆಳಿಗ್ಗೆ ನಿಂತಿದ್ದರೆ ಇನ್ನೂ ಒಳ್ಳೆಯದು. ಮುಂದೆ ಹಾರಲಾಗದೆ ಇಳಿದ ಹಕ್ಕಿಗಳು ಅಲ್ಲೇ ಇರುತ್ತವೆ.

ಇದೇ ಹೊತ್ತಿಗೆ ಹಗಲು ಪ್ರಯಾಣಿಕರೂ ಹೊರಡುತ್ತಾರೆ. ಕವಲುತೋಕೆಗಳು, ಸಿಪಿಲೆಗಳು. ಬೆಟ್ಟಗಳ ನಡುವಿನ ತಗ್ಗು ಅವುಗಳ ದಾರಿ. ಎದುರು ಗಾಳಿ ಇದ್ದರೆ ತಲೆಯ ಮೇಲೇ ಹಾದುಹೋಗುತ್ತವೆ, ಹಿಂದಿನಿಂದ ಗಾಳಿ ಇದ್ದರೆ ಕಾಣದಷ್ಟು ಎತ್ತರದಲ್ಲಿ.

ಎರಡನೆಯ ಭಾಗ ಒಂಬತ್ತೂವರೆ, ಹತ್ತರ ನಂತರ. ಬಂಡೆ ಕಾದು ಬಿಸಿ ಗಾಳಿ ಮೇಲೇಳುತ್ತದೆ. ಗಿಡುಗ, ಹದ್ದುಗಳು ಅದರ ಮೇಲೆ ಕೂತು ಸುತ್ತು ಹಾಕುತ್ತಾ ರೆಕ್ಕೆ ಬಡಿಯದೆ ಏರುತ್ತವೆ. ಸಾಕಷ್ಟು ಮೇಲೆ ಹೋದ ಮೇಲೆ ಮುಂದಿನ ಬಿಸಿಗಾಳಿ ಕಂಬದವರೆಗೆ ಜಾರುತ್ತವೆ. ಗಾಳಿ ಬೆಟ್ಟದ ಮೈಗೆ ಅಡ್ಡವಾಗಿ ಬಡಿಯುವ ದಿನ ಈ ಕಷ್ಟವೂ ಇಲ್ಲ. ಸಾಲಿನ ಉದ್ದಕ್ಕೂ ಮೇಲೇಳುವ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತವೆ. ಸಮುದ್ರದ ಮೇಲೆ ಇಂಥ ಬಿಸಿಗಾಳಿ ಕಡಿಮೆ, ಅದಕ್ಕೇ ದೊಡ್ಡ ರೆಕ್ಕೆಯ ಬೇಟೆಹಕ್ಕಿಗಳಲ್ಲಿ ಹೆಚ್ಚಿನವು ನೆಲ ಬಿಡದೆ ಬೆಟ್ಟ ಸಾಲು ಹಿಡಿದು ಹೋಗುತ್ತವೆ. ಜಾರ್ಜಿಯಾ ದೇಶದ ಬಟುಮಿಯಲ್ಲಿ ಕಪ್ಪು ಸಮುದ್ರಕ್ಕೂ ಬೆಟ್ಟಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಒಂದೇ ಶರತ್ಕಾಲದಲ್ಲಿ 10 ಲಕ್ಷಕ್ಕೂ ಜಾಸ್ತಿ ಬೇಟೆಹಕ್ಕಿಗಳನ್ನು ಎಣಿಸಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ನಲ್ಲಿ ಒಂದು ಕಾಲಕ್ಕೆ ಜನ ಗುಡ್ಡದ ತುದಿಯಲ್ಲಿ ಕೂತು ಹಾದುಹೋಗುವ ಗಿಡುಗಗಳನ್ನು ಗುಂಡಿಕ್ಕಿ ಕೊಲ್ಲುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಅದನ್ನು ನಿಲ್ಲಿಸಿದರು. ಈಗ ಅದೇ ತುದಿಯಲ್ಲಿ ಜನ ಕೂತು ಎಣಿಸುತ್ತಾರೆ. ರೊಸಾಲಿ ಅವರ ಬಗ್ಗೆ ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ನಿಮ್ಮ ಬೆಟ್ಟದಲ್ಲಿ ಲಕ್ಷ ಕಾಣುವುದಿಲ್ಲ. ಒಂದು ಬೆಳಿಗ್ಗೆ ಆರು ಕಂಡರೆ ಅದೇ ಒಳ್ಳೆಯ ಬೆಳಗು. ಆದರೆ ಬೆಟ್ಟ ಕೊಡುವ ಒಂದು ನೋಟ ಅಳಿವೆಯಲ್ಲಿ ಸಾಧ್ಯವಿಲ್ಲ. ಅಂಚಿನಲ್ಲಿ ಕೂತರೆ ಹಕ್ಕಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕೆಸ್ಟ್ರೆಲ್ ಅನ್ನುವ ಸಣ್ಣ ಚಾಣ ಗಾಳಿಗೆ ಎದುರಾಗಿ ಒಂದೇ ಕಡೆ ನಿಂತಿರುವುದನ್ನು ಹಾಗೆ ನೋಡಿದ್ದೇನೆ. ರೆಕ್ಕೆ ನಡುಗುತ್ತಿತ್ತು, ಬಾಲ ಬೀಸಣಿಗೆಯ ಹಾಗೆ ಅಗಲವಾಗಿ ಅತ್ತಿತ್ತ ತಿರುಗುತ್ತಿತ್ತು. ತಲೆ ಮಾತ್ರ ಮೊಳೆ ಹೊಡೆದ ಹಾಗೆ ಅಲ್ಲಾಡಲಿಲ್ಲ. ಅದರ ಬೆನ್ನಿನ ಇಟ್ಟಿಗೆ ಬಣ್ಣ, ಅದರ ಮೇಲಿನ ಕಪ್ಪು ಚುಕ್ಕೆ ಎಲ್ಲ ಕಂಡವು. ಕೆಳಗಿನಿಂದ ನೋಡುವವರಿಗೆ ಅದು ಬರೀ ನೆರಳು.

ಮೊದಲ ಸಲದವರಿಗೆ ಯಾವುದು?

ಅಳಿವೆಯ ಹಕ್ಕಿಗಳು ಬಯಲಿನಲ್ಲಿವೆ, ಅಲುಗಾಡದೆ ನೋಡಬಹುದು. ಆದರೆ ಒಂದರ ಹಾಗೆ ಇನ್ನೊಂದು. ಬೆಟ್ಟದ ಹಕ್ಕಿಗಳಿಗೆ ಒಂದೊಂದಕ್ಕೂ ಬೇರೆ ಬಣ್ಣ, ಬೇರೆ ಆಕಾರ. ಆದರೆ ಎಲೆಯ ಮರೆಯಲ್ಲಿ ಎರಡು ಸೆಕೆಂಡ್ ಕಂಡು ಮಾಯ. ಅಳಿವೆಗೆ ಕಣ್ಣು ಬೇಕು, ಬೆಟ್ಟಕ್ಕೆ ಕಿವಿ ಬೇಕು. ಈ ಕಾಲದಲ್ಲಿ ಹಾಡು ಕಡಿಮೆ. ಇರುವುದು ಚಿಕ್ಕ ಚಿಕ್ಕ ಕರೆ, ‘ಚಿಕ್’, ‘ಟಕ್’, ‘ಸೀ’. ಅದನ್ನು ಕಲಿಯಲು ವರ್ಷಗಳೇ ಬೇಕು.

ಹಾಗಾಗಿ ಹೊಸಬರನ್ನು ನಾನು ಮೊದಲು ಅಳಿವೆಗೇ ಕರೆದೊಯ್ಯುತ್ತೇನೆ, ಅದೂ ಏರುವ ನೀರಿಗೆ. ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, ಏನೋ ನಡೆಯುತ್ತಿರುವುದು ಕಾಣುತ್ತದೆ. ಬೆಟ್ಟದಲ್ಲಿ ಏನೂ ಕಾಣದ ಒಂದು ಗಂಟೆ ಹೊಸಬರ ಉತ್ಸಾಹವನ್ನೇ ಇಳಿಸಿಬಿಡುತ್ತದೆ.

ಮಕ್ಕಳಿಗೂ ಅಳಿವೆಯೇ. ನನ್ನ ಅಣ್ಣನ ಮಗಳು ಎಂಟು ವರ್ಷದವಳಿದ್ದಾಗ ಉಬ್ಬರದ ಹೊತ್ತಿಗೆ ದಂಡೆಯ ಮೇಲೆ ಮಲಗಿದ್ದ ರೆಡ್‌ಶ್ಯಾಂಕ್‌ಗಳನ್ನು ದುರ್ಬೀನಿನಲ್ಲಿ ನೋಡಿದಳು.

“ಅತ್ತೆ, ಆ ಹಕ್ಕಿಗೆ ಒಂದೇ ಕಾಲು!”

“ಪಕ್ಕದ್ದಕ್ಕೆ?”

“ಅದಕ್ಕೂ ಒಂದೇ. ಅಯ್ಯೋ, ಎಲ್ಲದಕ್ಕೂ ಒಂದೇ.”

ನೀರು ಸ್ವಲ್ಪ ಏರಿದಾಗ ಅವು ಕಣ್ಣು ಪೂರ್ತಿ ಬಿಡದೆ ಅದೇ ಒಂದು ಕಾಲಿನಲ್ಲಿ ಕುಪ್ಪಳಿಸಿ ಹಿಂದೆ ಸರಿದವು. ಅವಳಿಗೆ ಅಳುವೇ ಬಂತು. ಆಮೇಲೆ ಒಂದು ಹಕ್ಕಿ ಮೈ ಮುರಿಯುತ್ತಾ ಗರಿಯೊಳಗಿಂದ ಇನ್ನೊಂದು ಕೆಂಪು ಕಾಲನ್ನು ಹೊರಗೆ ತೆಗೆಯಿತು. ಮೈ ಶಾಖ ಉಳಿಸಿಕೊಳ್ಳಲು ಹಾಗೆ ನಿಲ್ಲುತ್ತವೆ ಅಂತ ಹೇಳಿದೆ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಅಳಿವೆಗೆ ಬಂದರೆ ಇವತ್ತಿಗೂ ಮೊದಲು ಕಾಲು ಎಣಿಸುತ್ತಾಳೆ.

ಮೊಣಕಾಲು ನೋವಿರುವ ಹಿರಿಯರಿಗೆ ಉತ್ತರ ಸ್ಪಷ್ಟ: ಸಮತಟ್ಟಾದ ದಂಡೆ, ಮಡಚುವ ಕುರ್ಚಿ. ಒಬ್ಬರೇ ನಡೆದು ಮನಸ್ಸು ಹಗುರ ಮಾಡಿಕೊಳ್ಳಬೇಕು ಅನ್ನುವವರಿಗೆ ಬೆಟ್ಟ.

ತಿಂಗಳು, ಹವೆ

ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ನನ್ನ ಮತ ಅಳಿವೆಗೆ. ಬಣ್ಣ ಉಳಿದ ಹಿರಿಯ ಹಕ್ಕಿಗಳು, ಹೊಸ ಮರಿಗಳು ಎರಡೂ ಒಟ್ಟಿಗೆ ಸಿಗುವುದು ಆಗ ಮಾತ್ರ. ಅಕ್ಟೋಬರ್‌ನಲ್ಲಿ ಬೆಟ್ಟ ತುಂಬುತ್ತದೆ, ಸಣ್ಣ ಹಕ್ಕಿಗಳೂ ಗಿಡುಗಗಳೂ ಹಾದುಹೋಗುತ್ತವೆ. ಆ ತಿಂಗಳ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನವೂ ಹೌದು. ಹಕ್ಕಿ ನೋಡುವವರು ಕಂಡದ್ದನ್ನು ಬರೆದಿಡುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ದಾಖಲಿಸುವ ಅಭ್ಯಾಸ ಇನ್ನೂ ಇಲ್ಲದಿದ್ದರೆ ಅವತ್ತು ಶುರು ಮಾಡಿ. ನವೆಂಬರ್‌ಗೆ ಓಡಾಟ ಕಡಿಮೆಯಾಗಿ ಉಳಿಯುವ ಹಕ್ಕಿಗಳು ಉಳಿದುಕೊಳ್ಳುತ್ತವೆ. ಆಗ ಬೆಟ್ಟದ ಕಾಡಿನಲ್ಲಿ ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ಮೇಯುತ್ತಾ ಸಾಗುವುದನ್ನು ನೋಡಬಹುದು. ಅರ್ಧ ಗಂಟೆ ಏನೂ ಇರುವುದಿಲ್ಲ. ಒಮ್ಮೆಲೇ ಹತ್ತು ಜಾತಿ. ಅಂಥ ಗುಂಪು ಸಿಕ್ಕಿದರೆ ಹಿಂದೆ ಓಡಬೇಡಿ, ಅದು ಹೋಗುತ್ತಿರುವ ದಿಕ್ಕು ನೋಡಿ ಮುಂದೆ ಹೋಗಿ ನಿಲ್ಲಿ.

ಮಂಜು ಕವಿದಿದ್ದರೆ ಬೆಟ್ಟ ಬೇಡ. ಸಮುದ್ರದ ಕಡೆಯಿಂದ ಜೋರು ಗಾಳಿ ಬೀಸುತ್ತಿದ್ದರೆ ಅಳಿವೆ; ಕಡಲಾಚೆ ಇರುವ ಹಕ್ಕಿಗಳು ಆಸರೆಗೆ ಒಳಗೆ ಬರುತ್ತವೆ. ಬಿಸಿಲು ಏರಿದ ಮೇಲೆ ಕೆಸರಿನ ಮೇಲೆ ಗಾಳಿ ಕುದಿಯುವ ಹಾಗೆ ಕಾಣುತ್ತದೆ, ಎಷ್ಟು ಒಳ್ಳೆಯ ದೂರದರ್ಶಕವೂ ಕೆಲಸಕ್ಕೆ ಬರುವುದಿಲ್ಲ. ಬೆಳಿಗ್ಗೆ ಅಳಿವೆಯ ಪೂರ್ವ ದಂಡೆಯಲ್ಲಿ ನಿಲ್ಲಿ. ಸೂರ್ಯ ಬೆನ್ನಿಗಿದ್ದರೆ ಬೂದು ಹಕ್ಕಿಯಲ್ಲೂ ಬಣ್ಣ ಕಾಣುತ್ತದೆ. ಬೆಟ್ಟದಲ್ಲಿ ಗಿಡುಗ ಹುಡುಕಲು ಬಿಳಿ ಮೋಡವಿರುವ ದಿನ ಒಳ್ಳೆಯದು, ಬರೀ ನೀಲಿ ಆಕಾಶದಲ್ಲಿ ಕಣ್ಣಿಗೆ ಹಿಡಿತವೇ ಸಿಗುವುದಿಲ್ಲ.

ಸಂಜೆ ಮಾತ್ರ ಬಿಡುವಿದ್ದವರು ಅಳಿವೆಯ ಜೊಂಡಿನ ಕಡೆ ಹೋಗಿ. ಕವಲುತೋಕೆಗಳು ವಲಸೆಯ ಮುಂಚೆ ಮುಸ್ಸಂಜೆಯಲ್ಲಿ ನೂರಾರು ಸೇರಿ ಜೊಂಡಿಗೆ ಇಳಿಯುತ್ತವೆ. ಒಂದು ನಿಮಿಷ ಆಕಾಶ ತುಂಬಾ ಹಕ್ಕಿ, ಮರು ನಿಮಿಷ ಒಂದೂ ಇಲ್ಲ. ಅವು ಚಳಿಗಾಲ ಕಳೆಯಲು ನೀರಿನ ತಳಕ್ಕೆ ಹೋಗುತ್ತವೆ ಅಂತ ಯುರೋಪಿನಲ್ಲಿ ಹಿಂದೆ ಜನ ನಂಬಿದ್ದರಂತೆ. ಆ ದೃಶ್ಯ ಕಂಡವರಿಗೆ ಅದರಲ್ಲಿ ಆಶ್ಚರ್ಯ ಅನ್ನಿಸುವುದಿಲ್ಲ.

ಸಾಮಾನು

ಒಂದೇ ದುರ್ಬೀನು ಕೊಳ್ಳುವುದಾದರೆ 8x42. ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 42 ಮಿಲಿಮೀಟರ್. ಎಲೆ ನಡುವೆ ಚಟುವಟಿಕೆಯ ಹಕ್ಕಿ ಹಿಡಿಯಲು ಅಗಲವಾದ ನೋಟ ಬೇಕು, ಅದು ಇದರಲ್ಲಿದೆ. ಅಳಿವೆಗೇ ಜಾಸ್ತಿ ಹೋಗುವವರಿಗೆ 10x42. ಸ್ಟ್ಯಾಂಡ್ ಮೇಲೆ ನಿಲ್ಲಿಸುವ ಸ್ಕೋಪ್ ಅಳಿವೆಯಲ್ಲಿ ಬೇರೆ ಲೋಕವನ್ನೇ ತೆರೆಯುತ್ತದೆ, ಬೆಟ್ಟಕ್ಕೆ ಅದು ಬರೀ ಹೊರೆ. ಉಬ್ಬರದ ಸಮಯ ಸರಿ ನೋಡಿಕೊಂಡು ಹೋದರೆ ಸ್ಕೋಪ್ ಇಲ್ಲದೆಯೂ ನಡೆಯುತ್ತದೆ.

ಎಚ್ಚರ

ಬೆಟ್ಟದಲ್ಲಿ ಅಪಾಯ ಕಣ್ಣಿಗೆ ಕಾಣುತ್ತದೆ: ಜಾರುವ ಕಲ್ಲು, ಬೇಗ ಕತ್ತಲಾಗುವ ಸಂಜೆ. ಅಳಿವೆಯದ್ದು ಕಾಣುವುದಿಲ್ಲ. ಒಂದು ಸಲ ಗ್ರೀನ್‌ಶ್ಯಾಂಕ್ ಒಂದನ್ನು ಇನ್ನೂ ಚೆನ್ನಾಗಿ ನೋಡಬೇಕು ಅಂತ ಕೆಸರಿಗೆ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಮೊಣಕಾಲವರೆಗೆ ಹೂತಿತು. ಎಳೆದಷ್ಟೂ ಇನ್ನೊಂದು ಕಾಲು ಇಳಿಯಿತು. ಜೊತೆಗೆ ಬಂದಿದ್ದ ಅಕ್ಕ ದಂಡೆಯಿಂದಲೇ ಕೂಗಿದರು, “ಎಳೀಬೇಡ, ಹಿಂದಕ್ಕೆ ಒರಗು, ಕಾಲನ್ನ ಮೆಲ್ಲಗೆ ಅಲ್ಲಾಡಿಸು.” ಹಾಗೆ ಮಾಡಿದೆ, ಕಾಲು ಬಂತು, ಚಪ್ಪಲಿ ಬರಲಿಲ್ಲ. ಹಿಂತಿರುಗಿ ನೋಡಿದಾಗ ನಾನು ದಾಟಿ ಬಂದಿದ್ದ ಸಣ್ಣ ಕಾಲುವೆಯಲ್ಲಿ ನೀರು ತುಂಬುತ್ತಿತ್ತು. ಏರುವ ನೀರು ಎದುರಿನಿಂದ ಬರುವುದಿಲ್ಲ, ಬೆನ್ನ ಹಿಂದಿನ ಕಾಲುವೆಗಳಿಂದ ಬರುತ್ತದೆ. ಕೆಸರಿಗೆ ಇಳಿಯಲೇಬೇಡಿ.

ಇಳಿಯದಿರಲು ಇನ್ನೊಂದು ಕಾರಣ ಹಕ್ಕಿಗಳೇ. ಉಬ್ಬರದ ಹೊತ್ತಿಗೆ ಅವು ವಿಶ್ರಾಂತಿಯಲ್ಲಿರುತ್ತವೆ. ಎಬ್ಬಿಸಿದಾಗಲೆಲ್ಲ ಕೂಡಿಟ್ಟ ಕೊಬ್ಬು ಖರ್ಚು. ನಾಯಿಯನ್ನು ಕರೆದೊಯ್ಯುವುದಾದರೆ ಹಗ್ಗ ಬಿಡಬೇಡಿ. ಮಲಗಿದ್ದ ತಲೆಗಳು ಒಂದೊಂದಾಗಿ ಎದ್ದವು ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ, ಅಲ್ಲೇ ನಿಂತು ಮೆಲ್ಲಗೆ ಹಿಂದೆ ಸರಿಯಿರಿ. ಸ್ಲೆಂಡರ್-ಬಿಲ್ಡ್ ಕರ್ಲ್ಯೂ ಎಂಬ ಹಕ್ಕಿ ಹಿಂದೆ ಇದೇ ಕಾಲದಲ್ಲಿ ಮೆಡಿಟರೇನಿಯನ್ ಸುತ್ತಿನ ಅಳಿವೆ, ಜೌಗುಗಳಿಗೆ ಇಳಿಯುತ್ತಿತ್ತು. ಅದರ ಕೊನೆಯ ಖಚಿತ ದಾಖಲೆ 1995ರಲ್ಲಿ ಮೊರಾಕೊದ್ದು. 2025ರಲ್ಲಿ ಅದು ಅಳಿದುಹೋಯಿತೆಂದು ಘೋಷಿಸಿದರು. ಕೆಸರು ದಂಡೆಯನ್ನು ‘ಖಾಲಿ ಜಾಗ’ ಅಂತ ಯಾರಾದರೂ ಕರೆದಾಗ ನನಗೆ ತಡೆಯಲಾಗದ ಸಿಟ್ಟು ಬರುವುದು ಇದಕ್ಕೇ.

ಎರಡೂ ಬೇಕು ಅಂದರೆ

ಒಂದೇ ದಿನ ಎರಡೂ ಮಾಡಬಹುದು. ಬೆಳಿಗ್ಗೆ ಏಳಕ್ಕೆ ಉಬ್ಬರ ಇದ್ದರೆ ಐದೂವರೆಗೆ ದಂಡೆಯಲ್ಲಿರಿ. ಎಂಟಕ್ಕೆ ಹೊರಟು ಒಂಬತ್ತೂವರೆಗೆ ಬೆಟ್ಟದ ಅಂಚಿಗೆ. ಸಣ್ಣ ಹಕ್ಕಿಗಳ ಹೊತ್ತು ತಪ್ಪುತ್ತದೆ, ಗಿಡುಗಗಳ ಹೊತ್ತು ಸಿಗುತ್ತದೆ. ಉಬ್ಬರ ಮಧ್ಯಾಹ್ನಕ್ಕಿದ್ದರೆ ತಿರುಗಿಸಿ: ಮೊದಲು ಬೆಟ್ಟ, ಆಮೇಲೆ ಅಳಿವೆ. ವರ್ಷಕ್ಕೆ ಒಂದೆರಡು ಸಲ ಹೀಗೆ ಮಾಡುತ್ತೇನೆ. ಪ್ರತಿ ವಾರ ಮಾಡಿದರೆ ಎರಡು ಕಡೆಯೂ ಅವಸರವೇ ಆಗುತ್ತದೆ.

ಅದಕ್ಕಿಂತ ನಾನು ಹೇಳುವುದು, ಎರಡರ ನಡುವಿನ ತೊರೆಯ ದಾರಿಯನ್ನು ಮರೆಯಬೇಡಿ. ಉಬ್ಬರವೂ ಹೊಂದದ, ಬೆಟ್ಟದ ಮೇಲೆ ಮಂಜೂ ಇರುವ ಭಾನುವಾರಗಳಿಗೆ ಅದೇ ಸರಿ. ಬೆಟ್ಟದಿಂದ ಇಳಿದು ಅಳಿವೆ ಸೇರುವ ಆ ನೀರಿನ ಪಕ್ಕ ಒಂದು ಗಂಟೆ ನಡೆದರೆ ಎರಡು ಕಡೆಯವೂ ಸಿಗುತ್ತವೆ. ಸ್ಯಾಂಡ್‌ಪೈಪರ್ ಒಂದು ಬಾಲ ಕುಣಿಸುತ್ತಾ ಕಲ್ಲಿನಿಂದ ಕಲ್ಲಿಗೆ ಹೋಗುತ್ತದೆ, ಎಬ್ಬಿಸಿದರೆ ರೆಕ್ಕೆ ಬಿಗಿಹಿಡಿದು ನೀರಿಗೆ ತಾಗುವ ಹಾಗೆ ಹಾರುತ್ತದೆ. ಮಿಂಚುಳ್ಳಿ ಇರುತ್ತದೆ. ಮತ್ತೆ ಬೂದು ಸಿಪಿಲೆ. ಬೆಟ್ಟದ ತೊರೆಗಳಲ್ಲಿ ಮರಿ ಮಾಡಿ ಈ ಕಾಲಕ್ಕೆ ತಗ್ಗಿಗೆ ಬರುವ ಹಕ್ಕಿ ಅದು. ಹೆಸರಿನಲ್ಲಿ ಬೂದು, ಹೊಟ್ಟೆಯ ಕೆಳಗೆ ನಿಂಬೆ ಹಳದಿ, ಹಾಗಾಗಿ ಹೊಸಬರು ಹಳದಿ ಸಿಪಿಲೆ ಅಂತಲೇ ಬರೆದುಕೊಳ್ಳುತ್ತಾರೆ. ಬೆನ್ನು ನೋಡಿ, ಬೂದು ಅಲ್ಲಿದೆ. ಬಾಲವೂ ಜಾಸ್ತಿ ಉದ್ದ. ನನ್ನ ತೊರೆಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಪ್ರತಿ ವರ್ಷ ಅದರ ಮೇಲೆ ಮೊದಲ ಬೂದು ಸಿಪಿಲೆ ಕಂಡ ತಾರೀಖನ್ನು ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. ಈ ವರ್ಷದ ಸಾಲು ಇನ್ನೂ ಖಾಲಿ ಇದೆ.